ಸೊನ್ನೆ ಡ್ರಮ್ಮಿನಲ್ಲೂ ಸಾರಜನಕ ಇತ್ತು

ಎರಡನೇ ಲ್ಯಾಬ್ ರಿಪೋರ್ಟ್ ನವೆಂಬರ್ 8ರ ಶನಿವಾರ ಕೈಗೆ ಬಂತು. ಗೊಬ್ಬರದ ಸಾರಜನಕ ಬದಲಿಸಿದರೆ ಪಾಲಕ್ ಎಲೆಯ ಕ್ಯಾಲ್ಸಿಯಂ ಏನಾಗುತ್ತೆ ಅಂತ ತಾರಸಿಯಲ್ಲಿ ನೋಡೋಕೆ ಜೂನ್‌ನಲ್ಲಿ ಶುರು ಮಾಡಿದ ಕೆಲಸ. ಮರೆಯೋ ಮೊದಲು ಎಲ್ಲ ಬರೆದಿಡೋಣ ಅಂತ ಕೂತಿದ್ದೇನೆ. ತಪ್ಪುಗಳೇ ಜಾಸ್ತಿ ಇವೆ, ಅವನ್ನೂ ಬಿಟ್ಟಿಲ್ಲ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಫಿಟ್ಟರ್. ಮನೆ ವಿದ್ಯಾರಣ್ಯಪುರದಲ್ಲಿ. ತಾರಸಿ ಮೇಲೆ 10 ಅಡಿ ಅಗಲ, 14 ಅಡಿ ಉದ್ದದ ಸಣ್ಣ ಪಾಲಿಹೌಸ್ ಇದೆ. ಜಿಐ ಪೈಪು, 200 ಮೈಕ್ರಾನ್ ಶೀಟು, ಪಕ್ಕಕ್ಕೆ ಸೊಳ್ಳೆ ಪರದೆಯಂಥ ಜಾಲರಿ. ಕಟ್ಟಿ ಎರಡು ವರ್ಷ ಆಯ್ತು. ಸೊಪ್ಪು, ಒಂದಷ್ಟು ಟೊಮೇಟೊ ಬೆಳೀತೀವಿ.

ಈ ಕೆಲಸಕ್ಕೆ ಕಾರಣ ನನ್ನ ಬಾಮೈದ. ದೊಡ್ಡಬಳ್ಳಾಪುರದ ಹತ್ತಿರ ಅವನದು ಅರ್ಧ ಎಕರೆ ಪಾಲಿಹೌಸ್, ಕ್ಯಾಪ್ಸಿಕಂ. ಬೇಸಿಗೆಯಲ್ಲಿ ಗಿಡ ಮಂಕಾಗಿ ಕಂಡಿದೆ. ಹಸಿರು ಬರಲಿ ಅಂತ ಡ್ರಿಪ್‌ನಲ್ಲಿ ಯೂರಿಯಾ ಜಾಸ್ತಿ ಬಿಟ್ಟಿದ್ದಾನೆ. ಹಸಿರೇನೋ ಬಂತು. ಹತ್ತೇ ದಿನಕ್ಕೆ ಕಾಯಿಯ ತುದಿ ಕಂದಾಗಿ, ಚರ್ಮ ತೆಳುವಾಗಿ, ಒಳಕ್ಕೆ ಕುಸಿಯೋಕೆ ಶುರುವಾಯ್ತು. ಕ್ಯಾಲ್ಸಿಯಂ ಕೊರತೆ ಅಂತ ಎಲ್ಲರೂ ಹೇಳಿದರು. "ಭಾವ, ಕ್ಯಾಲ್ಸಿಯಂ ನಾನೇನು ಕಡಿಮೆ ಮಾಡಿಲ್ಲ. ಸಾರಜನಕ ಜಾಸ್ತಿ ಕೊಟ್ರೆ ಕ್ಯಾಲ್ಸಿಯಂ ಎಲ್ಲಿಗೆ ಹೋಗುತ್ತೆ?" ಅಂತ ಅವನು ಕೇಳಿದ. ನನಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ತಾರಸಿಯಲ್ಲಿ ನೋಡಿಬಿಡೋಣ ಅಂದೆ.

ಕ್ಯಾಪ್ಸಿಕಂ ಕಾಯಿ ಬಿಡೋಕೆ ಎರಡು ತಿಂಗಳ ಮೇಲೆ ಬೇಕು. ಪಾಲಕ್ ಆದರೆ 35 ದಿನ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅರ್ಕಾ ಅನುಪಮ ಬೀಜ ಮನೆಯಲ್ಲೇ ಇತ್ತು. ನಮ್ಮ ಪಾಲಕ್ ನಿಜವಾಗಿ ಬೀಟ್‌ರೂಟ್‌ನ ನೆಂಟ, ಇಂಗ್ಲಿಷ್‌ನವರು ಸ್ಪಿನಾಚ್ ಅನ್ನೋ ಗಿಡವೇ ಬೇರೆ. ಈ ನೆಂಟಸ್ತನ ಮುಂದೆ ಒಂದು ಕಡೆ ಉಪಯೋಗಕ್ಕೆ ಬಂತು.

1. ಜೂನ್ 1 ರಿಂದ 8: ತೊಟ್ಟಿ, ಡ್ರಮ್, ಪೈಪು

ಗಟ್ಟಿ ಪ್ಲಾಸ್ಟಿಕ್‌ನ (ಎಚ್‌ಡಿಪಿಇ) ನಾಲ್ಕು ತೊಟ್ಟಿ ತಂದೆ. ಒಂದೊಂದೂ 6 ಅಡಿ ಉದ್ದ, ಒಂದೂವರೆ ಅಡಿ ಅಗಲ, 8 ಇಂಚು ಆಳ. ಒಂದಕ್ಕೆ 420 ರೂಪಾಯಿ. ಗುಜರಿಯಿಂದ 50 ಲೀಟರ್‌ನ ನೀಲಿ ಡ್ರಮ್ ನಾಲ್ಕು, ತಲಾ 280. ಆಂಗಲ್‌ನಲ್ಲಿ 4 ಅಡಿ ಎತ್ತರದ ಸ್ಟ್ಯಾಂಡ್ ವೆಲ್ಡ್ ಮಾಡಿದೆ. ಕಬ್ಬಿಣ ನಮ್ಮಲ್ಲೇ ಬಿದ್ದಿದ್ದ ತುಂಡು, ಹಾಗಾಗಿ ಖರ್ಚಿಲ್ಲ. ಡ್ರಮ್ ತಳಕ್ಕೆ ಅರ್ಧ ಇಂಚಿನ ನಲ್ಲಿ, ಅಲ್ಲಿಂದ 16 ಎಂಎಂ ಪೈಪು, ಒಂದೊಂದು ತೊಟ್ಟಿಗೆ 6 ಡ್ರಿಪ್ಪರ್. ಡ್ರಿಪ್ ಸಾಮಾನು ಒಟ್ಟು 640.

ಪಂಪ್ ಇಲ್ಲ, ಇಳಿಜಾರಿನಲ್ಲೇ ಬರಲಿ ಅಂದುಕೊಂಡೆ. ಹತ್ತು ನಿಮಿಷ ಬಿಟ್ಟು ಲೋಟ ಇಟ್ಟು ಅಳೆದೆ. ಮೊದಲ ತೊಟ್ಟಿಗೆ 310 ಮಿಲಿ, ನಾಲ್ಕನೆಯದಕ್ಕೆ 220. ಡ್ರಮ್ ತುಂಬಿದ್ದಾಗ ಒಂದು ವೇಗ, ಅರ್ಧ ಆದಾಗ ಇನ್ನೊಂದು. ಆವತ್ತೇ ಇದನ್ನು ಕಿತ್ತುಹಾಕಬೇಕಿತ್ತು. ಕಷ್ಟಪಟ್ಟು ವೆಲ್ಡ್ ಮಾಡಿದ್ದು ಅಂತ ಮನಸ್ಸು ಬರಲಿಲ್ಲ.

2. ಜೂನ್ 14: ಕೋಕೋಪೀಟ್ ತೊಳೆದದ್ದು

5 ಕೆಜಿಯ 10 ಬ್ಲಾಕ್, 1,600 ರೂಪಾಯಿ. ಕೋಕೋಪೀಟ್ ಅಂದರೆ ತೆಂಗಿನ ನಾರಿನ ಪುಡಿ, ಮಣ್ಣಿನ ಬದಲು ತೊಟ್ಟಿಗೆ ತುಂಬೋದು. ಅದನ್ನು ಸುಮ್ನೆ ನೆನೆಸಿ ತುಂಬಿದರೆ ಆಗಲ್ಲ. ಅದರಲ್ಲಿ ಪೊಟ್ಯಾಸಿಯಂ, ಸೋಡಿಯಂ ಅಂಟಿಕೊಂಡಿರುತ್ತೆ. ನಾವು ಹಾಕೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಇವನ್ನು ಬಿಡುತ್ತೆ. ಅದಕ್ಕೆ ಮೊದಲೇ ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಮೂರು ಸಲ ಬೋರ್ ನೀರಿನಲ್ಲಿ ತೊಳೆದೆ. ಕೊನೆಗೆ ಬಂದ ನೀರಿಗೆ ಈಸಿ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯೋದು) ಹಿಡಿದರೆ ಬೋರ್ ನೀರಿನಷ್ಟೇ ತೋರಿಸಿತು. ಸರಿ ಆಯ್ತು ಅಂದುಕೊಂಡೆ.

ಸಾರಜನಕದ ಪ್ರಯೋಗಕ್ಕೆ ಕೋಕೋಪೀಟ್ ತೊಳೆಯೋಕೆ ಸಾರಜನಕವೇ ಇರೋ ನೈಟ್ರೇಟ್ ಬಳಸಿದ್ದೇನೆ ಅನ್ನೋದು ಆವತ್ತು ತಲೆಗೆ ಹೊಳೆಯಲೇ ಇಲ್ಲ.

3. ಜೂನ್ 20: ಮೊಸರು

ಲೆಕ್ಕ ಹೀಗಿತ್ತು. ಪ್ರತಿ 50 ಲೀಟರ್ ಡ್ರಮ್ಮಿಗೆ ನಾಲ್ಕಕ್ಕೂ ಒಂದೇ ಥರ: 0-52-34 ಗೊಬ್ಬರ 9 ಗ್ರಾಂ, 0-0-50 ಗೊಬ್ಬರ 18 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 21 ಗ್ರಾಂ, ಮೈಕ್ರೋನ್ಯೂಟ್ರಿಯೆಂಟ್ ಮಿಶ್ರಣ 1 ಗ್ರಾಂ. ಗೊಬ್ಬರದ ಮೂರು ಅಂಕಿ ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಶ್‌ನ ಶೇಕಡಾವಾರು. ಬದಲಾಗೋದು ಸಾರಜನಕ ಮಾತ್ರ.

ಮೊದಲ ಡ್ರಮ್ಮಿಗೆ ಏನೂ ಇಲ್ಲ, ಅದಕ್ಕೆ ಸೊನ್ನೆ ಅಂತ ಪೇಂಟಿನಲ್ಲಿ ಬರೆದೆ. ಎರಡನೆಯದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ 24 ಗ್ರಾಂ. ಅದರಲ್ಲಿ ಸಾರಜನಕ 15.5%, ಅಂದರೆ ಲೀಟರಿಗೆ 75 ಮಿಗ್ರಾಂ. ಮೂರನೆಯದಕ್ಕೆ 48 ಗ್ರಾಂ, ಲೀಟರಿಗೆ 150. ನಾಲ್ಕನೆಯದಕ್ಕೂ 150, ಆದರೆ ಅಮೋನಿಯಂ ಸಲ್ಫೇಟ್‌ನಿಂದ, 36 ಗ್ರಾಂ. ಬಾಮೈದ ಹಾಕಿದ್ದು ಯೂರಿಯಾ. ಯೂರಿಯಾ ಮೊದಲು ಅಮೋನಿಯಂ ಆಗಿ, ಆಮೇಲೆ ನಿಧಾನಕ್ಕೆ ನೈಟ್ರೇಟ್ ಆಗುತ್ತೆ. ಎಷ್ಟು ದಿನಕ್ಕೆ ಎಷ್ಟು ಬದಲಾಯ್ತು ಅಂತ ತಾರಸಿಯಲ್ಲಿ ಕೂತು ಹಿಡಿಯೋಕೆ ಆಗಲ್ಲ. ಅದಕ್ಕೆ ನೇರವಾಗಿ ಅಮೋನಿಯಂ.

ದಿನಾ ತೂಕ ಮಾಡೋ ಕೆಲಸ ಯಾಕೆ ಅಂತ ಬುದ್ಧಿವಂತಿಕೆ ಮಾಡಿದೆ. ಎಲ್ಲ ಗೊಬ್ಬರವನ್ನೂ ನೂರು ಪಟ್ಟು ಗಟ್ಟಿಯಾಗಿ ಒಂದೇ ಕ್ಯಾನಿನಲ್ಲಿ ಕಲಸಿಟ್ಟೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ನಾಲ್ಕು ಬೆರಳು ಬಿಳಿ ಮೊಸರು. ಕ್ಯಾಲ್ಸಿಯಂ ಹೋಗಿ ಸಲ್ಫೇಟ್ ಜೊತೆ, ಫಾಸ್ಫೇಟ್ ಜೊತೆ ಸೇರಿಕೊಂಡು ಕೂತುಬಿಟ್ಟಿದೆ. ಅಲ್ಲಾಡಿಸಿದರೆ ಸರಿಹೋಗುತ್ತೆ ಅಂತ ಅದನ್ನೇ ಡ್ರಮ್ಮಿಗೆ ಸುರಿದು ಡ್ರಿಪ್ ಬಿಟ್ಟೆ. ಸಂಜೆಗೆ 24 ಡ್ರಿಪ್ಪರ್‌ನಲ್ಲಿ 17 ಕಟ್ಟಿಕೊಂಡಿದ್ದವು.

ಬಿಚ್ಚಿ ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಹಾಕಿದೆ. 8 ತೆರೆದುಕೊಂಡವು. ಫಾಸ್ಫೇಟ್ ಹುಳಿಗೆ ಕರಗುತ್ತೆ. ಸಲ್ಫೇಟ್ ಅಂದರೆ ಜಿಪ್ಸಂ, ಅದು ಹುಳಿಗೆ ಜಗ್ಗಲ್ಲ. ಉಳಿದ 9 ಡ್ರಿಪ್ಪರ್ ಕಸಕ್ಕೆ ಹೋದವು. ಅವತ್ತಿನಿಂದ ಡ್ರಿಪ್ ಬಂದ್. ಅಳತೆಯ ಮಗ್ಗಿನಲ್ಲಿ ಬೆಳಿಗ್ಗೆ 2 ಲೀಟರ್, ಮಧ್ಯಾಹ್ನ 2 ಲೀಟರ್ ಕೈಯಲ್ಲೇ ಹಾಕಿದೆ. ಮಧ್ಯಾಹ್ನದ್ದು ಅಮ್ಮನ ಪಾಲು. ವೆಲ್ಡ್ ಮಾಡಿದ ಸ್ಟ್ಯಾಂಡ್ ಈಗ ಡ್ರಮ್ ಇಡೋಕೆ ಮಾತ್ರ.

ಕಟ್ಟೋರಿಗೆ ಒಂದೇ ಮಾತು. ಕ್ಯಾಲ್ಸಿಯಂ ನೈಟ್ರೇಟ್‌ಗೆ ಯಾವಾಗಲೂ ಬೇರೆ ಕ್ಯಾನ್ ಇಡಿ. ತೆಳು ನೀರಿನಲ್ಲಿ ಸೇರಿಸಿದರೆ ಏನೂ ಆಗಲ್ಲ, ಗಟ್ಟಿ ದ್ರಾವಣದಲ್ಲಿ ಸೇರಬಾರದು.

4. ಜೂನ್ 22: ಬಿತ್ತನೆ

ಬೀಜ ರಾತ್ರಿ ನೆನೆಹಾಕಿ ಬಿತ್ತಿದೆ. ಪಾಲಕ್‌ನಲ್ಲಿ ನಾವು ಬೀಜ ಅನ್ನೋದು ಒಂದು ಗಂಟು, ಒಂದರಿಂದಲೇ ಎರಡು ಮೂರು ಮೊಳಕೆ ಬರುತ್ತವೆ. ಹನ್ನೆರಡನೇ ದಿನ ಎಳೆ ಕಿತ್ತು ತೊಟ್ಟಿಗೆ 48 ಗಿಡ ಉಳಿಸಿದೆ.

5. ಜುಲೈ 13: ಸೊನ್ನೆ ಸಾಲು ಹಳದಿ ಆಗ್ತಿಲ್ಲ

ಮೂರು ವಾರ ಆಯ್ತು. ಸಾರಜನಕ ಇಲ್ಲದ ಗಿಡ ಇಷ್ಟರಲ್ಲಿ ಹಳೇ ಎಲೆಯಿಂದ ಹಳದಿಗೆ ತಿರುಗಬೇಕು. ನಮ್ಮ ಸೊನ್ನೆ ಸಾಲು ಸ್ವಲ್ಪ ಸಣ್ಣದಾಗಿತ್ತು, ಬಣ್ಣ ಚೆನ್ನಾಗೇ ಇತ್ತು. ಹೆಂಡತಿ ಬಂದು ನೋಡಿ, "ರೀ, ಇದಕ್ಕೆ ಏನೂ ಹಾಕದೆ ಇಷ್ಟು ಬಂದಿದೆ ಅಂದ್ರೆ ಉಳಿದಿದ್ದಕ್ಕೆ ಯಾಕೆ ದುಡ್ಡು ಸುರೀತಿದ್ದೀರಾ?" ಅಂದಳು.

ಮತ್ತಿಕೆರೆಯ ಮೀನಿನ ಅಂಗಡಿಯಿಂದ ಅಕ್ವೇರಿಯಂ ನೈಟ್ರೇಟ್ ಟೆಸ್ಟ್ ಕಿಟ್ ತಂದೆ, 850 ರೂಪಾಯಿ. ಎರಡು ಬಾಟ್ಲಿ ಹನಿ ಹಾಕಬೇಕು. ಹಳದಿ ಬಂದರೆ ನೈಟ್ರೇಟ್ ಇಲ್ಲ, ಕೇಸರಿ ಬಂದರೆ ಇದೆ, ಕೆಂಪಾದರೆ ಜಾಸ್ತಿ. ಸೊನ್ನೆ ಡ್ರಮ್ಮಿನ ನೀರಿಗೆ ಹಾಕಿದೆ. ತಿಳಿ ಕೇಸರಿ. ಕಿಟ್ ಹಳೇದಿರಬೇಕು ಅಂದುಕೊಂಡೆ. ಆಮೇಲೆ ಚೀಟಿ ಓದಿದರೆ ಎರಡನೇ ಬಾಟ್ಲಿಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕಂತೆ, ಒಳಗಿನ ಪುಡಿ ತಳದಲ್ಲಿ ಕೂತಿರುತ್ತೆ. ಕುಲುಕಿ ಹಾಕಿದೆ. ಈ ಸಲ ಕೆಂಪು.

ಡ್ರಮ್ ತೊಳೆದಿಲ್ವೇನೋ ಅಂತ ನೇರವಾಗಿ ಬೋರ್‌ನ ನಲ್ಲಿಯಿಂದ ಹಿಡಿದೆ. ಅದೂ ಕೆಂಪು. ಕೆಳಗಡೆ ಅಡುಗೆಮನೆಯ ಕಾವೇರಿ ನೀರು ತಂದು ನೋಡಿದೆ. ಹಳದಿ.

ಮಾರನೇ ದಿನ ಬೋರ್ ನೀರನ್ನು ಲ್ಯಾಬ್‌ಗೆ ಕೊಟ್ಟೆ, 600 ರೂಪಾಯಿ. ನೈಟ್ರೇಟ್ ಲೀಟರಿಗೆ 62 ಮಿಗ್ರಾಂ ಅಂತ ಬಂತು. ಕುಡಿಯೋ ನೀರಿಗೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹಾಕಿರೋ ಮಿತಿ 45. ಬೆಂಗಳೂರಿನ ಎಷ್ಟೋ ಬಡಾವಣೆಗಳ ಬೋರ್ ನೀರಿನಲ್ಲಿ ಇದು ಇರುತ್ತೆ. ಹಳೇ ಇಂಗುಗುಂಡಿ, ಸೋರೋ ಒಳಚರಂಡಿ ಪೈಪು, ಎಲ್ಲ ಸೇರಿ ಕೆಳಗೆ ಇಳಿದದ್ದು. ಕಾಯಿಸಿದರೆ ಹೋಗಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಪುಣ್ಯಕ್ಕೆ ನಾವು ಕುಡಿಯೋದು ಕಾವೇರಿ.

62 ಮಿಗ್ರಾಂ ನೈಟ್ರೇಟ್ ಅಂದರೆ ಬರೀ ಸಾರಜನಕದ ಲೆಕ್ಕದಲ್ಲಿ 14 ಮಿಗ್ರಾಂ. ದಿನಕ್ಕೆ 4 ಲೀಟರ್, 35 ದಿನ. ಹತ್ತಿರ ಹತ್ತಿರ 2 ಗ್ರಾಂ ಸಾರಜನಕವನ್ನು ಸೊನ್ನೆ ಸಾಲಿಗೆ ನಾನೇ ಕೈಯಾರೆ ಸುರಿದಿದ್ದೇನೆ. ಅದರ ಮೇಲೆ ಕೋಕೋಪೀಟ್ ತೊಳೆದ ನೈಟ್ರೇಟ್‌ನ ಉಳಿಕೆ ಬೇರೆ. ಬೋರ್ ನೀರಿನಷ್ಟೇ ಈಸಿ ಬಂತು ಅಂತ ಖುಷಿಪಟ್ಟಿದ್ದೆನಲ್ಲ, ಆ ಮೀಟರಿಗೆ ಯಾವ ಲವಣ ಅಂತ ಗೊತ್ತಾಗಲ್ಲ, ಒಟ್ಟು ಎಷ್ಟು ಅಂತ ಮಾತ್ರ ಗೊತ್ತಾಗುತ್ತೆ.

ಡ್ರಮ್ಮಿನ ಮೇಲೆ ಬರೆದ ಸೊನ್ನೆಯನ್ನು ಅಳಿಸಲಿಲ್ಲ. ಹಾಗೇ ಇರಲಿ ಅಂತ ಬಿಟ್ಟೆ.

6. ಜುಲೈ 27: ಮೊದಲ ಕೊಯ್ಲು

ಅರ್ಧಕ್ಕೆ ನಿಲ್ಲಿಸೋಕೆ ಮನಸ್ಸಾಗದೆ ಕೊಯ್ಲಿನವರೆಗೂ ನಡೆಸಿದೆ. ಸೊನ್ನೆ 640 ಗ್ರಾಂ, 75ರ ಸಾಲು 1,010, 150ರ ಸಾಲು 1,320, ಅಮೋನಿಯಂ ಸಾಲು 870. ಅಮೋನಿಯಂ ಎಲೆಗಳು ಕಡು ಹಸಿರು, ಅಂಚು ಕೆಳಕ್ಕೆ ಮಡಚಿಕೊಂಡಿದ್ದವು. ನೋಡೋಕೆ ಅದೇ ಎಲ್ಲಕ್ಕಿಂತ ಆರೋಗ್ಯವಾಗಿ ಕಾಣ್ತಿತ್ತು.

ಪ್ರತಿ ಸಾಲಿನಿಂದ 150 ಗ್ರಾಂ ಎಲೆ ತೆಗೆದು, ತಾರಸಿಯಲ್ಲೇ ನೆರಳಿನಲ್ಲಿ ಒಣಗಿಸಿ, ಮನೆಯ ಕಬ್ಬಿಣದ ಕುಟ್ಟಾಣಿಯಲ್ಲಿ ಪುಡಿ ಮಾಡಿ, ಕವರಿನಲ್ಲಿ ಹಾಕಿ ಲ್ಯಾಬ್‌ಗೆ ಕೊಟ್ಟೆ. ಒಂದು ಸ್ಯಾಂಪಲ್‌ಗೆ 900.

ಕಬ್ಬಿಣದ ಕುಟ್ಟಾಣಿ ಅಂದಾಗಲೇ ಗೊತ್ತಿರೋರು ನಕ್ಕಿರ್ತೀರಿ.

7. ಆಗಸ್ಟ್ 12: ರಿಪೋರ್ಟ್, ಎರಡು ಅವಮಾನ

ಕಬ್ಬಿಣದ ಅಂಶ ಒಣ ಎಲೆಯ ಕೆಜಿಗೆ 610 ಮಿಗ್ರಾಂ ಅಂತ ಒಂದು ಸಾಲಿನಲ್ಲಿ, 540 ಅಂತ ಇನ್ನೊಂದರಲ್ಲಿ. ಅಮ್ಮನಿಗೆ ಹೇಳಿದೆ, ನಮ್ಮ ಪಾಲಕ್‌ನಲ್ಲಿ ಎಷ್ಟು ಕಬ್ಬಿಣ ನೋಡು ಅಂತ. ಲ್ಯಾಬ್‌ನವರಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ಕೇಳಿದ್ದು ಎರಡೇ ಪ್ರಶ್ನೆ. "ಎಲೆ ತೊಳೆದಿದ್ರಾ ಸಾರ್? ಯಾವುದರಲ್ಲಿ ಪುಡಿ ಮಾಡಿದ್ರಿ?" ಪಕ್ಕದ ಸೈಟಿನಲ್ಲಿ ಪಾಯ ತೋಡ್ತಿದ್ದಾರೆ. ಕೆಂಪು ಮಣ್ಣಿನ ಧೂಳು ಎಲೆ ಮೇಲೆಲ್ಲ. ಆ ಕೆಂಪೇ ಕಬ್ಬಿಣ. ಮೇಲೆ ಕುಟ್ಟಾಣಿ. ನಾನು ಅಳೆಸಿದ್ದು ಪಾಲಕ್ ಅಲ್ಲ, ಧೂಳು ಮತ್ತು ಕುಟ್ಟಾಣಿ.

ಇನ್ನು ಕ್ಯಾಲ್ಸಿಯಂ. ಒಣ ತೂಕದಲ್ಲಿ ಸೊನ್ನೆ ಸಾಲು 0.92%, 75ರದ್ದು 1.10, 150ರದ್ದು 1.34, ಅಮೋನಿಯಂ 0.58. ಮೆಟ್ಟಿಲು ಹತ್ತಿದ ಹಾಗೆ ಇತ್ತು. ತಕ್ಷಣ ಬಾಮೈದನಿಗೆ ಫೋನ್. ಸಾರಜನಕ ಜಾಸ್ತಿ ಕೊಟ್ಟರೆ ಕ್ಯಾಲ್ಸಿಯಂ ಜಾಸ್ತಿ ಬರುತ್ತೆ, ನೈಟ್ರೇಟ್ ರೂಪದಲ್ಲಿ ಕೊಡಬೇಕು ಅಷ್ಟೇ, ಅಂದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಭಾವ, ನೀವು ಹಾಕಿದ್ದು ಕ್ಯಾಲ್ಸಿಯಂ ನೈಟ್ರೇಟ್ ಅಲ್ವಾ? ಅದರಲ್ಲೇ ಕ್ಯಾಲ್ಸಿಯಂ ಇದೆಯಲ್ಲ?"

ಇದೆ. ಸುಮಾರು 19%. 48 ಗ್ರಾಂ ಹಾಕಿದಾಗ ಲೀಟರಿಗೆ 180 ಮಿಗ್ರಾಂ ಕ್ಯಾಲ್ಸಿಯಂ ಜೊತೆಗೇ ಹೋಗಿದೆ. ಅರ್ಧ ಹಾಕಿದಾಗ ಅರ್ಧ. ಸೊನ್ನೆಗೂ ಅಮೋನಿಯಂಗೂ ಬೋರ್ ನೀರಿನಲ್ಲಿ ಇದ್ದಷ್ಟೇ. ಸಾರಜನಕ ಬದಲಿಸ್ತಿದ್ದೇನೆ ಅಂದುಕೊಂಡು ಎರಡನ್ನೂ ಒಟ್ಟಿಗೇ ಬದಲಿಸಿದ್ದೆ. ಪಿಯುಸಿ ಓದಿ ತೋಟಕ್ಕೆ ಇಳಿದ ಹುಡುಗ ಒಂದೇ ನಿಮಿಷದಲ್ಲಿ ಹಿಡಿದದ್ದು ನನಗೆ ಎರಡು ತಿಂಗಳಾದರೂ ಕಾಣಲಿಲ್ಲ. 3,600 ರೂಪಾಯಿಯ ರಿಪೋರ್ಟ್‌ನಲ್ಲಿ ನಂಬಬಹುದಾದ ಸಂಗತಿ ಒಂದೇ. ಸೊನ್ನೆಗೂ ಅಮೋನಿಯಂಗೂ ಸಿಕ್ಕ ಕ್ಯಾಲ್ಸಿಯಂ ಒಂದೇ, ಆದರೂ ಅಮೋನಿಯಂ ಎಲೆಯಲ್ಲಿ ತುಂಬಾ ಕಡಿಮೆ ಇದೆ.

8. ಆಗಸ್ಟ್ 15 ರಿಂದ 24: ಮತ್ತೆ ಕಟ್ಟಿದ್ದು

ಬೋರ್ ನೀರು ಬೇಡ. ತಾರಸಿಯ ಮಳೆ ನೀರಿನ ಪೈಪು 1,000 ಲೀಟರ್ ಟ್ಯಾಂಕಿಗೆ ಮೊದಲೇ ಜೋಡಿಸಿತ್ತು. ಮೊದಲ ಮಳೆಯ ಕೊಳಕು ನೀರು ಬಿಟ್ಟು, ಆಮೇಲಿನದು ಹಿಡಿದೆ. ಟಿಡಿಎಸ್, ಅಂದರೆ ಕರಗಿದ ಲವಣ, ಬರೀ 18. ಕಿಟ್ ಹಾಕಿದರೆ ಹಳದಿ. ಹಳೇ ಕೋಕೋಪೀಟನ್ನು ಅದೇ ನೀರಿನಲ್ಲಿ, ಸೋರಿ ಬಂದ ನೀರು ಹಳದಿ ಆಗೋವರೆಗೂ ತೊಳೆದೆ. ಐದು ಸಲ ಬೇಕಾಯ್ತು.

ಈಗ ಸೊನ್ನೆ ಇಟ್ಟರೆ ಕೊಯ್ಯೋಕೆ ಎಲೆಯೇ ಇರಲ್ಲ. ಅದಕ್ಕೆ ಮೊದಲ ಡ್ರಮ್ಮಿಗೆ ಲೀಟರಿಗೆ 30 ಮಿಗ್ರಾಂ ಇಟ್ಟೆ. ಕ್ಯಾಲ್ಸಿಯಂ ನಾಲ್ಕಕ್ಕೂ ಸಮ ಮಾಡೋಕೆ ಕ್ಯಾಲ್ಸಿಯಂ ಕ್ಲೋರೈಡ್ ತಂದೆ. 30ರ ಡ್ರಮ್ಮಿಗೆ ಕ್ಯಾಲ್ಸಿಯಂ ನೈಟ್ರೇಟ್ 10 ಗ್ರಾಂ, ಕ್ಲೋರೈಡ್ 26.5. 75ಕ್ಕೆ 24 ಮತ್ತು 17. 150ಕ್ಕೆ ನೈಟ್ರೇಟ್ 48, ಕ್ಲೋರೈಡ್ ಇಲ್ಲ. ಅಮೋನಿಯಂಗೆ ಸಲ್ಫೇಟ್ 36, ಕ್ಲೋರೈಡ್ 33. ಇಷ್ಟು ಕ್ಲೋರೈಡ್ ಬೀನ್ಸ್‌ಗೆ ಹಾಕಿದ್ದರೆ ಎಲೆ ಸುಟ್ಟುಹೋಗ್ತಿತ್ತು. ಬೀಟ್‌ರೂಟ್ ಜಾತಿಗೆ ಉಪ್ಪು ಅಭ್ಯಾಸ, ತಡೆದುಕೊಂಡಿತು. ಆದರೂ ಕ್ಲೋರೈಡ್ ಇದ್ದ ಕಡೆ ಗಿಡ ನೈಟ್ರೇಟ್ ಎಳೆದುಕೊಳ್ಳೋದು ಸ್ವಲ್ಪ ಕಡಿಮೆಯಾಗುತ್ತೆ. ಆ ಲೋಪ ಈ ಸುತ್ತಿನಲ್ಲೂ ಉಳಿದುಕೊಂಡಿದೆ. ಬೇರೆ ದಾರಿ ನನಗೆ ತೋಚಲಿಲ್ಲ.

ಆಗಸ್ಟ್ 24, ಭಾನುವಾರ ಬಿತ್ತನೆ.

9. ಸೆಪ್ಟೆಂಬರ್ 8: ಅಮೋನಿಯಂ ಸಾಲು ಮಲಗಿತು

ಹದಿನೈದನೇ ದಿನ ನಾಲ್ಕನೇ ತೊಟ್ಟಿಯ ಸಸಿಗಳು ಬಾಡಿದಂತಿದ್ದವು. ನೀರು ಇದೆ, ಆದರೂ ಬಾಡಿವೆ. ಒಂದು ಕಿತ್ತು ನೋಡಿದೆ. ಬೇರು ಬಿಳಿ ಇರಬೇಕಾದ ಕಡೆ ಕಾಫಿ ಬಣ್ಣ, ತುದಿ ಮೊಂಡು. ತಳದಿಂದ ಸೋರಿದ ನೀರಿಗೆ ಪಿಎಚ್ ಪೆನ್ ಹಿಡಿದೆ. ಅದರ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. 4.4. ಉಳಿದ ಮೂರರಲ್ಲಿ 6ರ ಆಸುಪಾಸು.

ಮೊದಲ ಸುತ್ತಿನಲ್ಲಿ ಹೀಗೆ ಯಾಕೆ ಆಗಲಿಲ್ಲ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಅಮೋನಿಯಂ ಎಳೆದುಕೊಳ್ಳೋವಾಗ ಬೇರು ಹುಳಿ ಬಿಡುತ್ತೆ. ಬೋರ್ ನೀರು ಗಡಸು. ಪಾತ್ರೆ ತಳಕ್ಕೆ ಬಿಳಿ ಕಟ್ಟೋ ನೀರು ಅದು. ಅದರ ಬೈಕಾರ್ಬೊನೇಟ್ ಆ ಹುಳಿಯನ್ನು ನುಂಗಿಹಾಕ್ತಿತ್ತು. ಮಳೆ ನೀರಿನಲ್ಲಿ ನುಂಗೋಕೆ ಏನೂ ಇಲ್ಲ. ಬೋರ್ ನೀರನ್ನು ಅಷ್ಟು ಬೈದಿದ್ದೆ. ಅಮೋನಿಯಂ ಸಾಲನ್ನು ಮೊದಲ ಸುತ್ತಿನಲ್ಲಿ ಕಾಪಾಡಿದ್ದೂ ಅದೇ ನೀರು.

ಎಲ್ಲ ಕಿತ್ತು, ತೊಳೆದು, ಸೆಪ್ಟೆಂಬರ್ 14ಕ್ಕೆ ಮತ್ತೆ ಬಿತ್ತಿದೆ. ಈ ಸಲ ಅರ್ಧ ಅರ್ಧ: ಅಮೋನಿಯಂ ಸಲ್ಫೇಟ್ 18, ಕ್ಯಾಲ್ಸಿಯಂ ನೈಟ್ರೇಟ್ 24, ಕ್ಲೋರೈಡ್ 17. ಇದಕ್ಕೆ ಮಿಶ್ರ ಸಾಲು ಅಂತ ಹೆಸರು. ಉಳಿದವಕ್ಕಿಂತ ಇದು ಮೂರು ವಾರ ತಡ, ಬಿಸಿಲೂ ಬೇರೆ, ಮೋಡವೂ ಬೇರೆ. ಹೋಲಿಸೋವಾಗ ಇದನ್ನು ನೆನಪಿಡಿ.

10. ಸೆಪ್ಟೆಂಬರ್ 27, 28: ಎಲೆಯ ನೈಟ್ರೇಟ್, ಬಸ್ಸಾರು

ಕೊಟ್ಟ ನೈಟ್ರೇಟ್ ಎಲೆಯಲ್ಲಿ ಬಳಕೆಯಾಗದೆ ಎಷ್ಟು ಉಳಿದಿದೆ ಅಂತಲೂ ನೋಡಿದೆ. ಎಲೆ ತೊಟ್ಟು ಸೇರಿ 5 ಗ್ರಾಂ. ಕಲ್ಲಿನ ಒರಳಿನಲ್ಲಿ ಅರೆದು 100 ಮಿಲಿ ಮಳೆ ನೀರಿನಲ್ಲಿ ಕದಡಿದೆ. ಹಸಿರು ಬಣ್ಣ ಇದ್ದರೆ ಕಿಟ್‌ನ ಬಣ್ಣ ಕಾಣಲ್ಲ. ಅಕ್ವೇರಿಯಂ ಇದ್ದಿಲು ಒಂದು ಚಮಚ ಹಾಕಿ ಕುಲುಕಿ, ಪೇಪರ್ ಫಿಲ್ಟರ್‌ನಲ್ಲಿ ಸೋಸಿದೆ. ನೀರಿನಂತೆ ಬಂತು. ಅದನ್ನು ಮತ್ತೆ ಐದು ಪಟ್ಟು ತೆಳು ಮಾಡಿದೆ. ಕಿಟ್ ತೋರಿಸಿದ ಅಂಕಿಗೆ ನೂರು ಪಟ್ಟು ಎಲೆಯಲ್ಲಿದೆ ಅಂತ ಲೆಕ್ಕ.

ಶನಿವಾರ ಸಂಜೆ ನಾಲ್ಕಕ್ಕೆ 150ರ ಸಾಲು ಕಿಟ್‌ನ ಬಣ್ಣದ ಪಟ್ಟಿಯಲ್ಲಿ 20ರ ಬಣ್ಣಕ್ಕಿಂತ ಚೂರು ಜಾಸ್ತಿ. ಕೆಜಿ ಹಸಿ ಸೊಪ್ಪಿಗೆ 2,500 ಮಿಗ್ರಾಂ ಅಂತ ಹಿಡಿಯಬಹುದು. 75ರ ಸಾಲು 10, ಅಂದರೆ 1,000. 30ರ ಸಾಲು 5ಕ್ಕಿಂತ ಕಡಿಮೆ. ಭಾನುವಾರ ಬೆಳಿಗ್ಗೆ ಆರೂವರೆಗೆ 150ರ ಸಾಲಿನ ಪಕ್ಕದ ಗಿಡ ತೆಗೆದರೆ 40ರ ಹತ್ತಿರ! ರಾತ್ರಿಯೆಲ್ಲ ಬೇರು ಎಳೆಯುತ್ತಲೇ ಇರುತ್ತೆ. ಅದನ್ನು ಎಲೆ ಬಳಸಿಕೊಳ್ಳೋಕೆ ಬಿಸಿಲು ಬೇಕು. ತೊಟ್ಟು ಮಾತ್ರ ತೆಗೆದು ಅರೆದರೆ ಇನ್ನೂ ಕೆಂಪು. ಬಣ್ಣ ನೋಡಿ ಹೇಳೋ ಲೆಕ್ಕ ಇದು. ಇನ್ನೂರು ಮುನ್ನೂರು ಆಚೀಚೆ ಆದರೆ ನನ್ನನ್ನು ಹಿಡಿಯಬೇಡಿ.

ಪಾಲಿಹೌಸ್ ಶೀಟನ್ನು ಆಗ ತಲೆಯೆತ್ತಿ ನೋಡಿದೆ. ಪಾಯದ ಧೂಳಿನಿಂದ ಮಬ್ಬಾಗಿತ್ತು. ಬೆಳಕು ಕಡಿಮೆಯಾದಷ್ಟೂ ನೈಟ್ರೇಟ್ ಉಳಿಯುತ್ತೆ. ಅವತ್ತೇ ತೊಳೆದೆ. ಮೊದಲೇ ತೊಳೆದಿದ್ದರೆ ಅಂಕಿ ಬೇರೆ ಬರ್ತಿತ್ತೇನೋ.

ಎಷ್ಟಾದರೆ ಜಾಸ್ತಿ ಅಂತ ಬಾಮೈದ ಕೇಳಿದ. ಯುರೋಪಿನ ನಿಯಮದಲ್ಲಿ ತಾಜಾ ಸ್ಪಿನಾಚ್‌ಗೆ ಕೆಜಿಗೆ 3,500 ಮಿಗ್ರಾಂ ಮಿತಿ ಇದೆ. ಪಾಲಿಹೌಸ್ ಲೆಟಿಸ್‌ಗೆ ಬೇಸಿಗೆಯಲ್ಲಿ 4,000, ಬೆಳಕು ಕಡಿಮೆಯಿರೋ ಚಳಿಗಾಲದಲ್ಲಿ 5,000. ತಿನ್ನೋ ಲೆಕ್ಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಮಿತಿ ದಿನಕ್ಕೆ ದೇಹದ ಕೆಜಿಗೆ 3.7 ಮಿಗ್ರಾಂ ಅನ್ನುತ್ತೆ. 60 ಕೆಜಿ ಮನುಷ್ಯನಿಗೆ 222. ನಮ್ಮ 150ರ ಸಾಲಿನ ಸೊಪ್ಪು 90 ಗ್ರಾಂ ತಿಂದರೆ ಅಷ್ಟಾಗುತ್ತೆ.

ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ನೈಟ್ರೇಟ್ ಬಹಳಷ್ಟು ಹೋಗುತ್ತೆ ಅಂದೆ. ಅಮ್ಮ ನಕ್ಕಳು. "ಬಸ್ಸಾರು ಮಾಡೋದೇ ಆ ನೀರಿನಲ್ಲಿ ಕಣೋ." ಹೌದಲ್ವಾ! 200 ಗ್ರಾಂ ಸೊಪ್ಪು ಒಂದು ಲೀಟರ್‌ನಲ್ಲಿ ಬೇಯಿಸಿ ಬಸಿದ ನೀರನ್ನು ಐದು ಪಟ್ಟು ತೆಳು ಮಾಡಿ ಕಿಟ್ ಹಾಕಿದೆ. 40ಕ್ಕೂ 80ಕ್ಕೂ ನಡುವೆ. ಸೊಪ್ಪಿನಲ್ಲಿದ್ದ ನೈಟ್ರೇಟ್‌ನ ಅರ್ಧಕ್ಕಿಂತ ಜಾಸ್ತಿ ಆ ನೀರಿನಲ್ಲೇ ಇದೆ. ಪೊಟ್ಯಾಸಿಯಂ ಕೂಡ ಹಾಗೇ ನೀರಿಗಿಳಿಯುತ್ತೆ. ಚೆಲ್ಲಿದರೆ ಎರಡೂ ಹೋಗುತ್ತೆ, ಕುಡಿದರೆ ಎರಡೂ ಬರುತ್ತೆ. ಈಗ ಮನೆಯಲ್ಲಿ ಬಸ್ಸಾರಿಗೆ 75ರ ಸಾಲಿನ ಸೊಪ್ಪು, ಅದೂ ಸಂಜೆ ಕೊಯ್ದದ್ದು. ಅಮ್ಮ ಇದನ್ನು ಹುಚ್ಚು ಅಂತಾಳೆ, ಆದರೆ ಕೊಯ್ಯೋದು ಸಂಜೆಯೇ.

11. ಎರಡನೇ ಕೊಯ್ಲು, ಎರಡನೇ ರಿಪೋರ್ಟ್

ಮೂರು ಸಾಲು ಸೆಪ್ಟೆಂಬರ್ 28ಕ್ಕೆ, ಮಿಶ್ರ ಸಾಲು ಅಕ್ಟೋಬರ್ 19ಕ್ಕೆ. ಈ ಸಲ ಎಲೆಯನ್ನು ಮೂರು ನೀರಿನಲ್ಲಿ ತೊಳೆದೆ, ಪೇಪರ್ ಹಾಸಿದ ಸ್ಟೀಲ್ ತಟ್ಟೆಯಲ್ಲಿ ಒಣಗಿಸಿದೆ, ಪುಡಿ ಮಾಡದೆ ಇಡಿಯಾಗೇ ಕೊಟ್ಟೆ.

ಇಳುವರಿ: 30ರ ಸಾಲು 410 ಗ್ರಾಂ, 75 ಸಾಲು 980, 150 ಸಾಲು 1,290, ಮಿಶ್ರ 1,110. 75ರಿಂದ 150ಕ್ಕೆ ಗೊಬ್ಬರ ಎರಡು ಪಟ್ಟು, ಸೊಪ್ಪು ಜಾಸ್ತಿಯಾದದ್ದು 310 ಗ್ರಾಂ.

ಒಣ ಎಲೆಯ ಕ್ಯಾಲ್ಸಿಯಂ ಅದೇ ಕ್ರಮದಲ್ಲಿ 1.10, 1.25, 1.30, ಮಿಶ್ರದಲ್ಲಿ 0.88%. ಮೊದಲ ಸುತ್ತಿನ ಕಡಿದಾದ ಮೆಟ್ಟಿಲು ಹೋಯ್ತು. ನೈಟ್ರೇಟ್ ಜಾಸ್ತಿಯಾದಾಗ ಚೂರು ಏರುತ್ತೆ, ಅಷ್ಟೇ. ಅರ್ಧ ಅಮೋನಿಯಂ ಕೊಟ್ಟ ಕಡೆ, ಕ್ಯಾಲ್ಸಿಯಂ ಅಷ್ಟೇ ಕೊಟ್ಟಿದ್ದರೂ, ಬಿದ್ದಿದೆ. ಮೆಗ್ನೀಸಿಯಂ ಕೂಡ ಮಿಶ್ರದಲ್ಲಿ ಮಾತ್ರ ಬಿದ್ದಿದೆ: 0.74 ಇದ್ದದ್ದು 0.55. ಬೇರಿನ ಬಾಗಿಲಲ್ಲಿ ಅಮೋನಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಒಂದೇ ಸರದಿಯಲ್ಲಿ ನಿಲ್ಲುತ್ತವೆ. ಅಮೋನಿಯಂ ನುಗ್ಗಿದರೆ ಉಳಿದವು ಹೊರಗೆ. ಕಬ್ಬಿಣ ಮೂರು ಸಾಲಿನಲ್ಲಿ 128ರಿಂದ 140ರೊಳಗೆ, ಮಿಶ್ರದಲ್ಲಿ 172. ಹುಳಿ ಜಾಸ್ತಿಯಾದರೆ ಕಬ್ಬಿಣ ಸುಲಭವಾಗಿ ಸಿಗುತ್ತೆ, ಹಾಗಾಗಿ ಅದು ಸರಿಯೇ ಇರಬಹುದು. ಆದರೆ ಮೂರು ವಾರದ ಹೆಚ್ಚುವರಿ ಧೂಳೂ ಇದೆ. ನಾನು ಇದಕ್ಕೆ ಪಣ ಕಟ್ಟಲ್ಲ.

ಇದೆಲ್ಲ ಒಣ ತೂಕ. ಅಡುಗೆಮನೆಗೆ ಬರೋದು ಹಸಿ ಸೊಪ್ಪು. 100 ಗ್ರಾಂ ಒಣಗಿಸಿದರೆ 30ರ ಸಾಲಿನಲ್ಲಿ 11 ಗ್ರಾಂ ಉಳಿಯಿತು, 75ರಲ್ಲಿ 9, 150ರಲ್ಲಿ 7.6, ಮಿಶ್ರದಲ್ಲಿ 8. ಉಳಿದದ್ದು ನೀರು. ಹಾಗಾಗಿ 100 ಗ್ರಾಂ ಹಸಿ ಸೊಪ್ಪಿನ ಕ್ಯಾಲ್ಸಿಯಂ 121 ಮಿಗ್ರಾಂ, 112, 99, 70. ಒಣ ತೂಕದಲ್ಲಿ ಮೇಲಿದ್ದ 150ರ ಸಾಲು ತಟ್ಟೆಗೆ ಬರೋವಾಗ ಕೆಳಗಿಳಿಯಿತು. ಎಲೆ ಅಗಲ, ನುಣುಪು, ಮುಟ್ಟಿದರೆ ಮುರಿಯೋ ಹಾಗೆ. ಮಾರೋಕೆ ಅದೇ ಬೇಕು, ಯಾಕಂದರೆ ಕಟ್ಟಿನಲ್ಲಿ ತೂಗೋದು ನೀರೇ. ತೊಟ್ಟಿ ಪೂರ್ತಿ ಲೆಕ್ಕ ಹಾಕಿದರೆ ಅದರಿಂದಲೇ ಜಾಸ್ತಿ ಕ್ಯಾಲ್ಸಿಯಂ ಬಂದದ್ದೂ ನಿಜ. ಬೆಳೆದವನ ಲೆಕ್ಕ ಬೇರೆ, ತಿನ್ನೋನ ಲೆಕ್ಕ ಬೇರೆ.

ಖರ್ಚು

ತೊಟ್ಟಿ, ಡ್ರಮ್, ಕೋಕೋಪೀಟ್, ಡ್ರಿಪ್ ಸೇರಿ 5,040. ತಕ್ಕಡಿ 450. ಈಸಿ ಮತ್ತು ಪಿಎಚ್ ಪೆನ್ ಎಸ್.ಪಿ. ರಸ್ತೆಯಿಂದ, 1,900. ಕಿಟ್ 850. ಗೊಬ್ಬರ ಎಲ್ಲ ಸೇರಿ 1,020. ಲ್ಯಾಬ್ 7,800. ಒಟ್ಟು 17,060. ಎರಡು ಸುತ್ತಿನಲ್ಲಿ ಸಿಕ್ಕ ಪಾಲಕ್ 7.63 ಕೆಜಿ. ಕೆಜಿಗೆ 2,236 ರೂಪಾಯಿ ಬಿತ್ತು ಅಂತ ಹೆಂಡತಿ ಮೊಬೈಲಿನಲ್ಲಿ ಲೆಕ್ಕ ಹಾಕಿ ಅಣ್ಣತಮ್ಮಂದಿರಿಗೆಲ್ಲ ಕಳಿಸಿದ್ದಾಳೆ.

ಬಾಮೈದ ಯೂರಿಯಾ ನಿಲ್ಲಿಸಿದ್ದಾನೆ. ಕ್ಯಾಲ್ಸಿಯಂ ನೈಟ್ರೇಟ್‌ಗೆ ಬೇರೆ ಟ್ಯಾಂಕ್ ಇಟ್ಟಿದ್ದಾನೆ. ಅವನ ಬೋರ್ ನೀರನ್ನೂ ಒಂದು ಬಾಟ್ಲಿ ತಂದುಕೊಟ್ಟ. ಎರಡನೇ ಬಾಟ್ಲಿಯನ್ನು ಚೆನ್ನಾಗಿ ಕುಲುಕಿ ಹನಿ ಹಾಕಿದೆ. ನಮ್ಮದಕ್ಕಿಂತ ಕೆಂಪು. ಎಷ್ಟು ಅಂತ ತಿಳಿಯೋಕೆ ಲ್ಯಾಬ್‌ಗೆ ಕೊಟ್ಟಿದ್ದೇನೆ, ಈ ಸಲದ 600 ಅವನದು.